ಪೇಂಟರ್ ಗೊತ್ತುಮಾಡುವ ಮೊದಲು: ಹೊರಗೋಡೆ ಮತ್ತು ಮರದ ಡೆಕ್

ಹೊರಗೋಡೆಯ ಬಣ್ಣ ಬೇಗ ಹಕ್ಕಳೆ ಏಳುವುದಕ್ಕೆ ಬಣ್ಣವೇ ಕಾರಣವಾಗಿರುವುದು ಕಡಿಮೆ. ಅಡಿಯಲ್ಲಿದ್ದ ತೇವ, ಪಾಚಿ, ಪುಡಿಯಾದ ಹಳೆ ಬಣ್ಣ ಇವನ್ನೆಲ್ಲ ಹಾಗೇ ಬಿಟ್ಟು ಮೇಲೆ ಬಳಿದಿರುತ್ತಾರೆ. ಹಾಗಾಗಿ ಕೊಟೇಶನ್ ಕೈಗೆ ಬಂದರೆ ನಾನು ಮೊತ್ತ ನೋಡುವುದು ಕೊನೆಗೆ. ಮೊದಲು ನೋಡುವುದು, ಬಣ್ಣ ಹಚ್ಚುವುದಕ್ಕೆ ಮುಂಚಿನ ಕೆಲಸದ ಬಗ್ಗೆ ಎಷ್ಟು ಬರೆದಿದ್ದಾರೆ ಎಂದು. ‘ಸ್ವಚ್ಛ ಮಾಡಿ ಎರಡು ಕೋಟ್’ ಎಂದಷ್ಟೇ ಇದ್ದರೆ ಆ ಕಾಗದ ವಾಪಸ್.

ದರ ಕೇಳುವ ಮುಂಚೆ ಪೇಂಟರ್ ಜೊತೆ ಮನೆಯನ್ನು ಒಂದು ಸುತ್ತು ಹಾಕಬೇಕು. ಫೋಟೋ ನೋಡಿಯೇ ದರ ಹೇಳುವವರನ್ನು ನಾನು ಮುಂದುವರಿಸುವುದಿಲ್ಲ. ಸುತ್ತುವಾಗ ಮಾಡುವ ಪರೀಕ್ಷೆಗಳು ಸುಲಭ. ಅಂಗೈಯಿಂದ ಗೋಡೆ ಉಜ್ಜಿದಾಗ ಬಿಳಿ ಪುಡಿ ಅಂಟಿದರೆ ಹಳೆ ಬಣ್ಣದ ಹಿಡಿತ ಹೋಗಿದೆ. ತೊಳೆದು ಪ್ರೈಮರ್ (ಬಣ್ಣಕ್ಕೆ ಮುಂಚಿನ ಅಡಿಪದರ) ಹಾಕದೆ ಹೊಸದು ನಿಲ್ಲದು. ಬ್ಲೇಡಿನಿಂದ ಗುಣಾಕಾರದ ಗುರುತು ಕೊಯ್ದು, ಮೇಲೆ ಗಟ್ಟಿ ಟೇಪ್ ಒತ್ತಿ ಥಟ್ಟನೆ ಎಳೆಯಿರಿ. ಟೇಪಿನ ಜೊತೆ ಬಣ್ಣವೂ ಎದ್ದು ಬಂದರೆ ಆ ಜಾಗವನ್ನು ಪೂರ್ತಿ ಕೆರೆಯಬೇಕು. ಬೆರಳ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಗಾರೆಯೇ ಬಿಟ್ಟುಕೊಂಡಿದೆ, ಅದು ಪೇಂಟರ್ ಕೆಲಸವಲ್ಲ, ಮೇಸ್ತ್ರಿ ಕೆಲಸ. ಬಿಳಿ ಉಪ್ಪು ಹೂವಿನಂತೆ ಒಡೆದಿದ್ದರೆ ಹಿಂದೆ ಎಲ್ಲೋ ನೀರು ಬರುತ್ತಿದೆ: ಪೈಪು, ತಾರಸಿ, ಕಿಟಕಿಯ ಮೇಲಿನ ಸಜ್ಜೆಯ ಸಂದು. ಅದನ್ನು ಹುಡುಕಿ ನಿಲ್ಲಿಸದೆ ‘ವಾಟರ್‌ಪ್ರೂಫ್’ ಬಣ್ಣ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಗುಳ್ಳೆಯಾಗಿ ಹೊರಬರುತ್ತದೆ. ಹೊಸ ಸಿಮೆಂಟ್ ಗಾರೆಯಾದರೆ ಕನಿಷ್ಠ 28 ದಿನ ಬಣ್ಣದ ಮಾತೇ ಬೇಡ; ಹಸಿ ಗಾರೆಯ ಕ್ಷಾರ ಬಣ್ಣವನ್ನು ಸುಟ್ಟು ಮಚ್ಚೆಮಚ್ಚೆ ಮಾಡುತ್ತದೆ. ಮನೆ ಬಹಳ ಹಳೆಯದಾದರೆ ಅಡಿಯ ಪದರಗಳಲ್ಲಿ ಸೀಸ ಇರಬಹುದು. ಪರೀಕ್ಷೆ ಮಾಡಿಸದೆ ಒಣ ಉಜ್ಜುವಿಕೆಗೆ ಬಿಡಬಾರದು, ಆ ಧೂಳು ಮಕ್ಕಳಿಗೆ ವಿಷ.

ಇಷ್ಟಾದ ಮೇಲೆ ಬರಹದಲ್ಲಿ ಬೇಕಾದದ್ದು: ತೊಳೆಯುವ ವಿಧಾನ, ಪಾಚಿಗೆ ಹಾಕುವ ಔಷಧ, ಬಿರುಕು ತುಂಬುವ ವಸ್ತು, ಪ್ರೈಮರಿನ ಮತ್ತು ಬಣ್ಣದ ಪೂರ್ತಿ ಹೆಸರು, ಕೋಟ್‌ಗಳ ಸಂಖ್ಯೆ, ಸಾರವೆ ಯಾರದು, ಕೆಲಸಗಾರರಿಗೆ ವಿಮೆ ಇದೆಯೇ. ಕಂಪನಿ ಹೆಸರು ಮಾತ್ರ ಬರೆದರೆ ಸಾಲದು. ಒಂದೇ ಕಂಪನಿಯಲ್ಲಿ ಅಗ್ಗದ ಡಬ್ಬಿಯೂ ಇರುತ್ತದೆ, ದುಬಾರಿಯದೂ ಇರುತ್ತದೆ. ಸಾಮಾನಿನ ಖರ್ಚು, ಕೂಲಿ ಬೇರೆ ಬೇರೆ ಸಾಲಿನಲ್ಲಿರಲಿ.

ಲೀಟರ್ ಲೆಕ್ಕವನ್ನು ನಾನೇ ಹಾಕಿ ಇಟ್ಟುಕೊಳ್ಳುತ್ತೇನೆ. ಗೋಡೆಯ ಸುತ್ತಳತೆ 40 ಮೀಟರ್, ಎತ್ತರ 6 ಮೀಟರ್ ಎಂದರೆ 240 ಚದರ ಮೀಟರ್. ಬಾಗಿಲು ಕಿಟಕಿ 30 ಕಳೆದರೆ 210. ನುಣುಪು ಗಾರೆಯ ಮೇಲೆ ಲೀಟರಿಗೆ ಸುಮಾರು 10 ಚದರ ಮೀಟರ್ ಹಿಡಿದರೆ ಎರಡು ಕೋಟ್‌ಗೆ 42 ಲೀಟರ್. ಒರಟು ಗೋಡೆಯಲ್ಲಿ 6ರಿಂದ 7 ಚದರ ಮೀಟರ್ ಮಾತ್ರ ಬರುವುದರಿಂದ 60ರಿಂದ 70 ಲೀಟರ್. ಇದೇ ಗೋಡೆಗೆ ‘25 ಲೀಟರ್ ಸಾಕು’ ಎನ್ನುವವರು ಒಂದೋ ಒಂದು ಕೋಟ್ ನುಂಗುತ್ತಾರೆ, ಇಲ್ಲವೇ ಡಬ್ಬಿಯಲ್ಲಿ ಹೇಳಿದ್ದಕ್ಕಿಂತ ಹೆಚ್ಚು ನೀರು ಬೆರೆಸುತ್ತಾರೆ. ನೀರು ಹೆಚ್ಚಾದ ಬಣ್ಣ ಆ ದಿನ ಚೆನ್ನಾಗಿಯೇ ಕಾಣುತ್ತದೆ. ತೊಂದರೆ ಕಾಣುವುದು ಆಮೇಲೆ. ಡಬ್ಬಿಗಳು ಸೀಲ್ ಒಡೆಯದೆ ಬರಬೇಕು, ಬ್ಯಾಚ್ ಸಂಖ್ಯೆ ಬೇರೆಯಾಗಿದ್ದರೆ ದೊಡ್ಡ ಬಕೆಟ್ಟಿನಲ್ಲಿ ಒಟ್ಟಿಗೆ ಕಲಸಿಯೇ ಹಚ್ಚಬೇಕು. ಇಲ್ಲದಿದ್ದರೆ ಗೋಡೆಯ ಮಧ್ಯೆ ಛಾಯೆ ಬದಲಾಗುತ್ತದೆ.

ಡೆಕ್, ಅಂದರೆ ಮನೆಯ ಹೊರಗಿನ ಮರದ ಹಲಗೆಯ ಜಗಲಿ, ಅದರ ವಿಷಯ ಇನ್ನೂ ನಾಜೂಕು. ಅದು ಮಲಗಿರುವ ಮರ. ನೀರು ನಿಲ್ಲುತ್ತದೆ, ಬಿಸಿಲು ನೆತ್ತಿಯ ಮೇಲೇ ಬೀಳುತ್ತದೆ, ಮೇಲಿಂದ ಕಾಲ್ತುಳಿತ. ಗೋಡೆಗೆ ಒಳ್ಳೆಯ ಪೇಂಟರ್ ಎಂದಾಕ್ಷಣ ಡೆಕ್ಕಿಗೂ ಒಳ್ಳೆಯವರೆಂದು ತಿಳಿಯಬಾರದು. ನಾನು ಕೇಳುವ ಮೊದಲ ಪ್ರಶ್ನೆ: ನೀವು ಹಾಕುವ ಸ್ಟೇನ್ (ಮರಕ್ಕೆ ಹಚ್ಚುವ ಬಣ್ಣದ ದ್ರವ) ಮರದೊಳಗೆ ಇಳಿಯುವುದೋ, ಮೇಲೆ ಪೊರೆ ಕಟ್ಟುವುದೋ? ಪೊರೆ ಕಟ್ಟುವುದು ನೆಲದ ಹಲಗೆಯಲ್ಲಿ ಎಂದಾದರೂ ಸುಲಿಯುತ್ತದೆ, ಆಗ ಎಲ್ಲವನ್ನೂ ಕೆರೆದು ತೆಗೆಯಬೇಕು. ಒಳಗಿಳಿಯುವುದು ಮಾಸುತ್ತದೆ ಅಷ್ಟೆ. ತೊಳೆದು ಮತ್ತೆ ಹಚ್ಚಬಹುದು. ಪೂರ್ತಿ ಪಾರದರ್ಶಕವಾದದ್ದರಲ್ಲಿ ವರ್ಣಕ (ಬಣ್ಣದ ಪುಡಿ) ಕಡಿಮೆ, ಬಿಸಿಲನ್ನು ಅಷ್ಟಾಗಿ ತಡೆಯುವುದಿಲ್ಲ. ನನ್ನ ಆಯ್ಕೆ ಅರೆಪಾರದರ್ಶಕ.

ಎರಡನೆಯ ಪ್ರಶ್ನೆ ತೊಳೆಯುವ ಯಂತ್ರದ ನೀರಿನ ಒತ್ತಡ (ಪಿಎಸ್‌ಐ ಎಂಬ ಅಳತೆಯಲ್ಲಿ). ಮೃದು ಮರಕ್ಕೆ 500–600 ಪಿಎಸ್‌ಐ, 40 ಡಿಗ್ರಿ ಅಗಲದ ನಳಿಕೆ, ಸುಮಾರು 30 ಸೆಂಟಿಮೀಟರ್ ದೂರ, ಮರದ ಎಳೆಗಳ ದಿಕ್ಕಿನಲ್ಲೇ. ಅದಕ್ಕಿಂತ ಜೋರಾದರೆ ಮರ ನಾರುನಾರಾಗಿ ಎದ್ದು, ಎಷ್ಟು ಉಜ್ಜಿದರೂ ಗೀರು ಹೋಗುವುದಿಲ್ಲ. ಕೊಳೆ ಬಿಡಿಸುವುದು ಒತ್ತಡವಲ್ಲ, ತೊಳೆಯುವ ಪುಡಿಯಾದ ಸೋಡಿಯಂ ಪರ್‌ಕಾರ್ಬೊನೇಟ್: ಕಲಸಿ ಹಚ್ಚಿ, 10–15 ನಿಮಿಷ ಒಣಗಗೊಡದೆ ಬಿಟ್ಟು, ಬ್ರಷ್‌ನಿಂದ ತಿಕ್ಕಿ ತೊಳೆಯಬೇಕು. ಅದು ಕ್ಷಾರವಾದ್ದರಿಂದ ಮರ ಕಪ್ಪಾಗುತ್ತದೆ. ಮೇಲೆ ಆಕ್ಸಾಲಿಕ್ ಆಮ್ಲದ ದ್ರಾವಣ ಹಾಕಿದರೆ ಬಣ್ಣ ಮರಳುತ್ತದೆ, ಮೊಳೆಯ ತುಕ್ಕಿನ ಕಲೆಯೂ ಹೋಗುತ್ತದೆ. ಈ ಎರಡನೆಯ ಹಂತವನ್ನು ಹೆಚ್ಚಿನವರು ಹಾರಿಸುತ್ತಾರೆ. ಸುತ್ತಲಿನ ಗಿಡಗಳನ್ನು ಮೊದಲೇ ನೀರಿನಿಂದ ತೋಯಿಸಿ ಮುಚ್ಚಿಸಬೇಕು.

ಆಮೇಲೆ ಕಾಯಬೇಕು, ಪೇಂಟರಿಗೆ ಇದೇ ಕಷ್ಟ. ತೇವ ಅಳೆಯುವ ಮೀಟರ್ 15 ಶೇಕಡಾಕ್ಕಿಂತ ಕಡಿಮೆ ತೋರಿಸಬೇಕು. ಒಣಗಿದ ಮೇಲೆ ಹಲಗೆಗೆ ನೀರು ಚಿಮುಕಿಸಿ ನೋಡಿ. ಹನಿ ಮಣಿಯಂತೆ ಕೂತಿದ್ದರೆ ಮರ ಸ್ಟೇನನ್ನೂ ಕುಡಿಯುವುದಿಲ್ಲ. ಉಜ್ಜಲು 60–80 ನಂಬರಿನ ಮರಳು ಕಾಗದ (ಸ್ಯಾಂಡ್‌ಪೇಪರ್). ಇನ್ನೂ ನುಣುಪು ಮಾಡಿದರೆ ರಂಧ್ರ ಮುಚ್ಚಿಹೋಗುತ್ತದೆ. ಕೈ ತಾಗುವ ಕಟಕಟೆಗೆ ಮಾತ್ರ 100.

ಹಚ್ಚುವ ದಿನ ಉಷ್ಣಾಂಶ 10ರಿಂದ 32 ಡಿಗ್ರಿ ಸೆಲ್ಸಿಯಸ್ ಒಳಗಿರಲಿ, ನೇರ ಬಿಸಿಲು ಬೇಡ, ಮುಂದಿನ 24 ಗಂಟೆ ಮಳೆ ಇರಬಾರದು. ಎರಡು ಮೂರು ಹಲಗೆ ಹಿಡಿದು ತುದಿಯಿಂದ ತುದಿಗೆ ಮುಗಿಸಬೇಕು, ನಡುವೆ ನಿಲ್ಲಿಸಿದರೆ ಗೆರೆ ಬೀಳುತ್ತದೆ. ಸ್ಪ್ರೇ ಮಾಡಿದರೂ ಹಿಂದಿನಿಂದ ಬ್ರಷ್ ಆಡಿಸಲೇಬೇಕು. 15–20 ನಿಮಿಷಕ್ಕೆ ಹೀರದೆ ಉಳಿದದ್ದನ್ನು ಬಟ್ಟೆಯಿಂದ ಒರೆಸದಿದ್ದರೆ ಅಂಟಂಟಾಗಿ ಹೊಳೆಯುತ್ತದೆ. ಕೊಯ್ದ ತುದಿಗಳನ್ನು ಮರೆಯಬೇಡಿ, ಮರ ನೀರು ಕುಡಿಯುವುದು ಅಲ್ಲಿಂದಲೇ. ಎಣ್ಣೆ ಸ್ಟೇನ್ ಒರೆಸಿದ ಬಟ್ಟೆಯನ್ನು ಗುಡ್ಡೆ ಹಾಕಿ ಹೋದರೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ನೀರು ತುಂಬಿದ, ಮುಚ್ಚಳವಿರುವ ಲೋಹದ ಡಬ್ಬಿಗೆ ಹಾಕಿಸಿ. ಇದನ್ನು ಕರಾರಿನಲ್ಲೇ ಬರೆಸುತ್ತೇನೆ.

ಹಿಂದಿನ ಕೆಲಸ ತೋರಿಸಿ ಎಂದರೆ ಎಲ್ಲರೂ ಮೊನ್ನೆ ಮುಗಿದದ್ದನ್ನೇ ತೋರಿಸುತ್ತಾರೆ. ಎರಡು ವರ್ಷದ ಹಿಂದಿನದು ಕೇಳಿ. ಅಡ್ವಾನ್ಸ್ ಸಾಮಾನಿಗೆ ಬೇಕಾದಷ್ಟು ಮಾತ್ರ, ಮುಂದಿನ ಕಂತು ತಯಾರಿ ಮುಗಿದು ನೀವು ನೋಡಿದ ಮೇಲೆ. ಪ್ರೈಮರ್ ಬೀಳುವ ಮೊದಲಿನ ಈ ತಪಾಸಣೆಯೇ ಮುಖ್ಯ, ಬಣ್ಣ ಬಿದ್ದ ಮೇಲೆ ಏನೂ ಕಾಣುವುದಿಲ್ಲ. ಕಡೆಯ 10 ಶೇಕಡಾ, ಬೆಳಗ್ಗೆ ಮತ್ತು ಸಂಜೆಯ ಓರೆ ಬಿಸಿಲಿನಲ್ಲಿ ಗೋಡೆ ನೋಡಿದ ನಂತರ. ಉಳಿದ ಬಣ್ಣವನ್ನು ಸಣ್ಣ ಡಬ್ಬಿಗೆ ತುಂಬಿಸಿ, ಮುಚ್ಚಳದ ಮೇಲೆ ಛಾಯೆಯ ಕೋಡ್, ಬ್ಯಾಚ್ ಮತ್ತು ತಾರೀಖು ಬರೆಸಿಕೊಂಡು ಇಟ್ಟುಕೊಳ್ಳಿ.