ಮೊದಲು ಬಡಿಸುವುದನ್ನು ಕಲಿಯೋಣ

ಊಟದ ರೀತಿ ನೀತಿ ಅಂದರೆ ಮಕ್ಕಳಿಗೆ ಹೇಳುವ ಮಾತು ಅಂತ ತುಂಬ ಜನ ತಿಳಿದಿದ್ದಾರೆ. ಚೆಲ್ಲಬೇಡ, ಸದ್ದು ಮಾಡಬೇಡ, ತಟ್ಟೆಯಲ್ಲಿ ಬಿಡಬೇಡ. ನಾನು ಬಡಿಸುವವರಿಂದಲೇ ಶುರು ಮಾಡುತ್ತೇನೆ. ಅನ್ನ ಮಿಕ್ಕಿದರೆ ಎಷ್ಟೋ ಸಲ ಅದು ಬಡಿಸಿದ ಕೈ ಜಾಸ್ತಿ ಆದದ್ದರಿಂದ.

ನಮ್ಮ ಹಳೇ ಮೈಸೂರು ಕಡೆ ಸಾರಿಗೊಮ್ಮೆ, ಹುಳಿಗೊಮ್ಮೆ, ಮಜ್ಜಿಗೆಗೊಮ್ಮೆ ಅನ್ನ ಹಾಕುವುದು ಸುಮ್ನೆ ಅಲ್ಲ. ಒಂದೇ ಸಲ ರಾಶಿ ಹಾಕಿದರೆ ಕೊನೆಗೆ ಮಜ್ಜಿಗೆ ಅನ್ನಕ್ಕೆ ಹೊಟ್ಟೆಯಲ್ಲಿ ಜಾಗ ಇರುವುದಿಲ್ಲ. ಸಾರು ಹಾಕುವ ಮುಂಚೆ ಅನ್ನದ ನಡುವೆ ಗುಳಿ ಮಾಡಿಕೊಳ್ಳಲು ಬಿಡಿ, ಇಲ್ಲದಿದ್ದರೆ ಹರಿದು ಪಲ್ಯ ಸೇರುತ್ತದೆ. ಬೇಡ ಅಂದವರನ್ನು ಇನ್ನೊಂದು ಸಲ ಕೇಳಿ, ಅದು ಉಪಚಾರ. ಅಡ್ಡ ಹಿಡಿದ ಕೈ ಸರಿಸಿ ಬಡಿಸುವುದನ್ನು ನಾನು ಒಪ್ಪುವುದಿಲ್ಲ. ಸಕ್ಕರೆ ಕಾಯಿಲೆ ಇರುವವರು ಹೋಳಿಗೆ ಬೇಡ ಅಂದರೆ ಎಲ್ಲರ ಮುಂದೆ ಕಾರಣ ಕೇಳಬೇಡಿ.

ಹಬ್ಬಕ್ಕೆ ಬಾಳೆ ಎಲೆ ಹಾಕುವಾಗ ಕುಡಿ ಉಣ್ಣುವವರ ಎಡಕ್ಕಿರಲಿ. ಆಗ ಅಗಲದ ಭಾಗ ಬಲಕ್ಕೆ ಬಂದು ಕಲಸಲು ಅನುಕೂಲ. ಉಪ್ಪು, ಉಪ್ಪಿನಕಾಯಿ, ಚಟ್ನಿ, ಕೋಸಂಬರಿ ಮೇಲುಗಡೆ ಎಡಕ್ಕೆ, ಪಲ್ಯ ಬಲಕ್ಕೆ. ಮನೆಯಿಂದ ಮನೆಗೆ ಸ್ವಲ್ಪ ಬೇರೆ ಇರುತ್ತದೆ, ಅದಕ್ಕೆ ವಾದ ಬೇಡ. ಅನ್ನಕ್ಕೆ ತೊವ್ವೆ, ತುಪ್ಪ ಬಿದ್ದು ಹಿರಿಯರು ಕೈ ಹಾಕುವವರೆಗೆ ಕಾಯಿರಿ. ಆಮೇಲೆ ಪಂಕ್ತಿಯಲ್ಲಿ ಎಲ್ಲರಿಗಿಂತ ನಿಧಾನ ಉಣ್ಣುವವರ ಎಲೆ ನೋಡಿಕೊಂಡು ಮುಂದಿನ ಪದಾರ್ಥ ತನ್ನಿ. ಬಡಿಸುವವರು ಓಡಿದರೆ ಹಲ್ಲಿಲ್ಲದ ಅಜ್ಜ ಅರ್ಧಕ್ಕೇ ಬಿಟ್ಟು ಏಳುತ್ತಾರೆ.

ಈಗ ಟೇಬಲ್ ಮೇಲೆ ಪಾತ್ರೆ ಇಟ್ಟು ನಾವೇ ಬಡಿಸಿಕೊಳ್ಳುತ್ತೇವೆ. ಉಣ್ಣುತ್ತಿರುವ ಬಲಗೈಯಲ್ಲಿ ಸೌಟು ಹಿಡಿದರೆ ಎಂಜಲು. ಎಡಗೈಯಲ್ಲಿ ಹಿಡಿಯುವುದನ್ನು ಮಕ್ಕಳಿಗೆ ಚಿಕ್ಕಂದಿನಲ್ಲೇ ಅಭ್ಯಾಸ ಮಾಡಿಸಿ. ಒಂದೊಂದು ಪಾತ್ರೆಗೂ ಬೇರೆ ಸೌಟು ಇರಲಿ.

ಮುದ್ದೆ ಮಾಡಿದ ದಿನ ಎಲ್ಲರೂ ಬಂದು ಕೂತ ಮೇಲೆ ಕಟ್ಟಿ. ಅದು ಬಿಸಿಬಿಸಿ ಇದ್ದಾಗಲೇ ಚೆಂದ. ಮೊದಲ ಸಲ ತಿನ್ನುವ ನೆಂಟರಿಗೆ ಚೂರು ಮುರಿದು, ಸಾರಿನಲ್ಲಿ ಹೊರಳಿಸಿ ನುಂಗುವುದನ್ನು ತೋರಿಸಿ. ಅಗಿಯಲು ಹೋದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಮಕ್ಕಳಿಗೆ ನಿಂಬೆಹಣ್ಣಿನ ಗಾತ್ರದ್ದು ಸಾಕು.

ಇನ್ನೊಂದು ಮಾತು ನನಗೆ ಎಲ್ಲಕ್ಕಿಂತ ಮುಖ್ಯ. ಬಡಿಸುವ ಹೆಂಗಸು ಕೊನೆಗೆ ತಳದಲ್ಲಿ ಉಳಿದದ್ದನ್ನು ಒಬ್ಬಳೇ ಉಣ್ಣುವ ಪದ್ಧತಿ ಬಿಡಬೇಕು. ರಾತ್ರಿ ಊಟಕ್ಕಾದರೂ ಎಲ್ಲ ಪಾತ್ರೆಗಳನ್ನೂ, ನೀರಿನ ಚೊಂಬನ್ನೂ ಮೊದಲೇ ತಂದಿಟ್ಟು ಒಟ್ಟಿಗೆ ಕೂತುಕೊಳ್ಳಿ. ಫೋನು ಬೇರೆ ಕೋಣೆಯಲ್ಲಿರಲಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಇದು ಕಷ್ಟ, ಬಿಸಿ ಜೋಳದ ರೊಟ್ಟಿ ಒಂದೊಂದಾಗಿ ತಟ್ಟೆಗೆ ಬರಬೇಕಲ್ಲ. ಅಲ್ಲಿ ಮೊದಲು ಉಂಡವರು ಎದ್ದು ಒಲೆ ಮುಂದೆ ಹೋಗಲಿ, ಗಂಡಸರೂ ಅಷ್ಟೇ. ರೊಟ್ಟಿ ಬಡಿಯಲು ಬಾರದಿದ್ದರೂ ಹಂಚಿನ ಮೇಲೆ ತಿರುವಿ ಹಾಕಲು ಬರುತ್ತದೆ, ಅಲ್ವಾ? ಎಣ್ಣೆಗಾಯಿ ಖಾಲಿಯಾಗುವ ಮುಂಚೆಯೇ ರೊಟ್ಟಿ ಬಡಿದವಳ ಪಾಲು ಒಂದು ಬಟ್ಟಲಿಗೆ ತೆಗೆದು ಮುಚ್ಚಿಡಿ.