ಆರ್‌ಪಿಜಿಲಿ ಗಂಡು ಕ್ಯಾರೆಕ್ಟರಾ ಹೆಣ್ಣಾ? ಹಿಂಗೆ ಆರಿಸ್ಕೊಳ್ಳಿ

ಹಾಸನದಲ್ಲಿ ಮಳೆ ಹಿಡ್ಕೊಂಡ್ರೆ ಸಾಕು ನಮ್ ಹುಡುಗ್ರು ಹೊಸ ಆರ್‌ಪಿಜಿ, ಅಂದ್ರೆ ನಾವೇ ಒಂದು ಪಾತ್ರ ಆಗಿ ಕಥೆ ಆಡೋ ಗೇಮ್, ಶುರು ಮಾಡ್ತಾರೆ, ಆದ್ರೆ ಕ್ಯಾರೆಕ್ಟರ್ ಗಂಡೋ ಹೆಣ್ಣೋ ಅಂತ ಯೋಚ್ನೆನೇ ಮಾಡ್ದೆ ಒತ್ತಿಬಿಡ್ತಾರೆ, ಹಂಗ್ ಮಾಡ್ಬೇಡಿ. ಮೊದ್ಲು ಹೆಡ್‌ಫೋನ್ ಹಾಕ್ಕೊಂಡು ವಾಯ್ಸ್ ಕೇಳಿ, ಮುಖಕ್ಕಿಂತ ಅದೇ ಮುಖ್ಯ, ಗೇಮ್ ಮುಗಿಯೋವರ್ಗೂ ಕಿವಿಲಿರೋದು ಅದೇ. ಮಾಸ್ ಎಫೆಕ್ಟ್‌ನಲ್ಲಿ ಜೆನಿಫರ್ ಹೇಲ್ ವಾಯ್ಸ್ ಇರೋ ಹೆಣ್ಣು ಶೆಪರ್ಡ್ (ಆ ಗೇಮಿನ ಮುಖ್ಯ ಪಾತ್ರ) ತಗೊಂಡು ಆಡಿ ನೋಡಿ, ನಂಗಂತೂ ಆ ಕಥೆನೇ ಅವಳದ್ದು ಅನ್ಸುತ್ತೆ. ಹುಡುಗ ಹೆಣ್ಣು ಕ್ಯಾರೆಕ್ಟರ್ ತಗೊಂಡ ಅಂತ ರೇಗಿಸೋರು ಇರ್ತಾರೆ, ತಲೆ ಕೆಡಿಸ್ಕೋಬೇಡಿ.

ಆಮೇಲೆ ರೊಮ್ಯಾನ್ಸ್ ನೋಡ್ಕೊಳ್ಳಿ. ಸೈಬರ್‌ಪಂಕ್ 2077ರಲ್ಲಿ ಬಾಡಿ, ವಾಯ್ಸ್ ಬೇರೆ ಬೇರೆ ಆರಿಸ್ಬೋದು, ಆದ್ರೆ ಅದ್ರಲ್ಲಿರೋ ಜೂಡಿ ಅನ್ನೋ ಹುಡುಗಿ ಪ್ರೀತಿಗೆ ಒಪ್ಬೇಕಂದ್ರೆ ಎರಡೂ ಹೆಣ್ಣಿಂದೇ ಇರ್ಬೇಕು, ಪನಾಮ್ ಅನ್ನೋ ಇನ್ನೊಬ್ಬಳಿಗೆ ಗಂಡು ಬಾಡಿ ಬೇಕು. ಸ್ಕೈರಿಮ್‌ನಲ್ಲಿ ಮದ್ವೆಗೆ ಈ ತಲೆನೋವಿಲ್ಲ. ಬಾಲ್ಡರ್ಸ್ ಗೇಟ್ 3ರಲ್ಲಿ ಕ್ಯಾಂಪಲ್ಲಿರೋ ಕನ್ನಡಿಲಿ ಮುಖ, ವಾಯ್ಸ್ ಆಮೇಲೂ ಬದಲಾಯಿಸ್ಬೋದು.