ವೀಕೆಂಡಿಗೆ ಎರಡು ಸ್ಪೋರ್ಟ್ಸ್ ಕಾರು ಬೇಕಾ?

ಇಲ್ಲಿ ಅಮೆರಿಕದಲ್ಲಿ ಮಜ್ದಾ ಮಿಯಾಟಾ (ಟಾಪ್ ತೆಗೆಯಬಹುದಾದ ಪುಟ್ಟ ಸ್ಪೋರ್ಟ್ಸ್ ಕಾರು) ಇಟ್ಟುಕೊಂಡು, ಜೊತೆಗೊಂದು ಪೋರ್ಷೆ ಕೇಮನ್ ತಗೊಳ್ಳೋಣ ಅಂತಿರುವವರಿಗೆ ಒಂದು ಮಾತು. ರಜಾ ಇರುವುದು ವಾರಕ್ಕೆ ಎರಡೇ ದಿನ ಅಲ್ವಾ? ಒಂದು ಓಡಿದರೆ ಇನ್ನೊಂದು ನಿಂತೇ ಇರುತ್ತದೆ. ನಿಂತ ಕಾರಿಗೂ ಇನ್ಶೂರೆನ್ಸ್ ಕಟ್ಟಬೇಕು, ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕು. ಬ್ಯಾಟರಿ ಸುಮ್ನೆ ಇಳಿಯುತ್ತದೆ. ಟೈರಂತೂ ಸವೆಯದೆಯೇ ಹಳತಾಗುತ್ತದೆ. ಟೈರಿನ ಬದಿಯ ಮೇಲೆ DOT (ಡಾಟ್) ಅಂತ ಶುರುವಾಗುವ ಕೋಡಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ನೋಡೋಕೆ ಹೊಸದರಂತಿದ್ದರೂ ರಬ್ಬರ್ ಗಟ್ಟಿಯಾಗಿ, ಮಳೆಯಲ್ಲಿ ಹಿಡಿತ ಕಡಿಮೆಯಾಗುತ್ತದೆ.

ಒಂದು ರೇಸ್ ಟ್ರ್ಯಾಕಿಗೆ, ಇನ್ನೊಂದು ಟಾಪ್ ತೆಗೆದು ಸುತ್ತಾಡೋಕೆ, ಹೀಗೆ ಎರಡರ ಕೆಲಸ ನಿಜವಾಗಿ ಬೇರೆಯಿದ್ದರೆ ಎರಡೂ ಇರಲಿ. ಇಲ್ಲವಾದರೆ ನನ್ನ ಮಟ್ಟಿಗೆ ಒಂದೇ ಸಾಕು. ಉಳಿದ ದುಡ್ಡಲ್ಲಿ ಒಳ್ಳೆ ಟೈರ್ ಹಾಕಿಸಿ, ನಮ್ಮ ಕಾರನ್ನೇ ರೇಸ್ ಟ್ರ್ಯಾಕಿನಲ್ಲಿ ಓಡಿಸಲು ಬಿಡುವ ಟ್ರ್ಯಾಕ್ ಡೇಗೆ ಹೋಗಿ ಬನ್ನಿ.